ಎಳ್ಳು ಬೆಲ್ಲ

ಜನವರಿ 14 ಅಥವಾ 15. ಸಂಕ್ರಾಂತಿ ಹಬ್ಬ. ಚಳಿಯ ದಿನ.

ಅಕ್ಕಿಆಲೂರಿನ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಕೆಲವರು ವರದಾ ಹೊಳೆಗೆ ಹೋಗಿ ಜಳಕ ಮಾಡುತ್ತಾರೆ. ಎಳ್ಳಿನಲ್ಲಿ ಎಣ್ಣೆ ಇದೆ. ಚಳಿಗಾಲಕ್ಕೆ ಅದು ಒಳ್ಳೆಯ ಆಹಾರ.

ಸಂಜೆ ಎಳ್ಳು ಬೆಲ್ಲ, ಕುಸುರೆಳ್ಳು ಹಂಚುತ್ತಾರೆ. ಒಂದು ಮನೆಯಲ್ಲಿ ಸೊಸೆ ಹೊರಟಳು.

"ಅತ್ತೀ, ಬದುವಿನ ಜಗಳ ಆದ ಮ್ಯಾಲೆ ಆಚೆ ಮನಿಯವರ ಕೂಡ ಮಾತಿಲ್ಲ. ಅವರಿಗೂ ಕೊಡ್ಲೇನ್ರಿ?"

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಮಾತು ಬಿಟ್ಟವರಿಗೇ ಮೊದಲು ಕೊಡಬೇಕವ್ವಾ. ಎಳ್ಳು ಬೆಲ್ಲ ಇರೋದು ಅದಕ್ಕ. ನಡಿ, ನಾನೂ ಬರ್ತೀನಿ."

ಆಚೆ ಮನೆಯ ಬಾಗಿಲು ತೆರೆಯಿತು.

"ಬರ್ರಿ, ಒಳಗ ಬರ್ರಿ. ಬದುವಿನ ಮಾತು ನಾಳೆ ಕೂತು ಬಗೆಹರಿಸೋಣು" ಎಂದರು.

ಈ ಸಲ ನೀವು ಯಾರಿಗೆ ಮೊದಲು ಎಳ್ಳು ಬೆಲ್ಲ ಕೊಡುತ್ತೀರಿ? ಅವರ ಹೆಸರು ಬರೆಯಿರಿ.