ರೆಗ್ಯುಲೇಟರಿಗೆ ಹೀಟ್‌ಸಿಂಕ್: ಬೇಕೋ ಬೇಡವೋ?

ನಾನೇ ಜೋಡಿಸಿದ ಪಂಪ್ ಕಂಟ್ರೋಲರ್ ಬೆಳಿಗ್ಗೆಯೆಲ್ಲ ಸರಿಯಾಗಿಯೇ ಇರುತ್ತಿತ್ತು. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಮಾತ್ರ ರಿಲೇ ಟಕ್ ಟಕ್ ಅನ್ನತೊಡಗುತ್ತಿತ್ತು. ಅದರ ಹಿಂದೆಯೇ ಸ್ಟಾರ್ಟರ್ ಬಿಡುವುದು, ಹಿಡಿಯುವುದು. ಮೋಟಾರು ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹೀಗೆ ಪದೇ ಪದೇ ಹೊರಟರೆ ವೈಂಡಿಂಗ್ ಉಳಿದೀತೇ? ಫ್ಲೋಟ್ ಸ್ವಿಚ್ ನೋಡಿದೆ, ವಯರು ಬದಲಿಸಿದೆ, ಇರುವೆ ಹೊಕ್ಕಿದೆಯೋ ಎಂದು ರಿಲೇಯನ್ನೂ ಬಿಚ್ಚಿದೆ. ತಪ್ಪು ಇದ್ದದ್ದು ಹತ್ತಿಪ್ಪತ್ತು ರೂಪಾಯಿಯ 7805 ರೆಗ್ಯುಲೇಟರಿನಲ್ಲಿ. ಅದಕ್ಕೆ ಹೀಟ್‌ಸಿಂಕ್ ಹಾಕಿರಲಿಲ್ಲ.

7805ರ ಕೆಲಸ ಸರಳ. ಬ್ಯಾಟರಿಯ 12 ವೋಲ್ಟನ್ನು 5ಕ್ಕೆ ಇಳಿಸಿ ಕೊಡುತ್ತದೆ. ಇಳಿಸಿದ ವೋಲ್ಟು ಎಲ್ಲಿ ಹೋಯಿತು? ಬಿಸಿಯಾಗಿ ಹೋಯಿತು. ಒಳ ಬರುವ ವೋಲ್ಟಿನಿಂದ ಹೊರ ಹೋಗುವ ವೋಲ್ಟನ್ನು ಕಳೆಯಿರಿ, ಹರಿಯುವ ಆಂಪಿಯರಿನಿಂದ ಗುಣಿಸಿರಿ. ಬಂದದ್ದು ಬಿಸಿಯಾಗುವ ವಾಟ್. ಮೂರು ಕಾಲಿನ, ಲೋಹದ ಬೆನ್ನಿನ 7805 ಸಿಂಕ್ ಇಲ್ಲದೆ ನಿಂತರೆ ಒಂದು ವಾಟಿಗೆ ಸುಮಾರು 65 ಡಿಗ್ರಿ ಬಿಸಿ ಏರುತ್ತದೆ. ಸುತ್ತಲಿನ ಗಾಳಿಯ ಬಿಸಿಯನ್ನು ಇದಕ್ಕೆ ಕೂಡಿಸಬೇಕು. ಒಟ್ಟು 125 ಡಿಗ್ರಿ ದಾಟಬಾರದು. ದಾಟಿ ಇನ್ನಷ್ಟು ಏರಿದರೆ ಅದು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ, ತಣಿದ ಮೇಲೆ ಮತ್ತೆ ತೆರೆಯುತ್ತದೆ. ನನ್ನ ಟಕ್ ಟಕ್ ಇದೇ.

ನನ್ನ ಬೋರ್ಡಿನಲ್ಲಿ 5 ವೋಲ್ಟಿನ ಎರಡು ರಿಲೇ, ಸ್ಟಾರ್ಟರಿಗೊಂದು, ವಾಲ್ವಿಗೊಂದು. ತಲಾ 72 ಮಿಲಿಆಂಪಿಯರ್. ಉಳಿದದ್ದಕ್ಕೆ 36. ಒಟ್ಟು 180. ಬೆಳಿಗ್ಗೆ ಬ್ಯಾಟರಿ 12.5 ವೋಲ್ಟ್, ಅಂದರೆ ಕಳೆಯುವುದು 7.5. ಗುಣಿಸಿದರೆ 1.35 ವಾಟ್. ಬಿಸಿ ಏರುವುದು 88 ಡಿಗ್ರಿ. ಬೆಳಗಿನ 28 ಕೂಡಿಸಿದರೆ 116. ಹೇಗೋ ನಡೆಯಿತು. ಮಧ್ಯಾಹ್ನ ಸೋಲಾರ್ ಪ್ಯಾನೆಲು ಬ್ಯಾಟರಿಯನ್ನು 14.4ಕ್ಕೆ ಏರಿಸುತ್ತದೆ. ಆಗ 1.69 ವಾಟ್, 110 ಡಿಗ್ರಿ. ಶೀಟಿನ ಶೆಡ್ಡು, ಅದರೊಳಗೆ ಮುಚ್ಚಿದ ಪೆಟ್ಟಿಗೆ, ಅದರ ಗಾಳಿಯೇ 45. ಕೂಡಿಸಿದರೆ 155! ಬಿಸಿಲು ಒಂದೇ, ಪೆಟ್ಟು ಎರಡು ಕಡೆಯಿಂದ.

ಕ್ಲಿಪ್ಪಿನಂತೆ ಸಿಕ್ಕಿಸುವ ಸಣ್ಣ ಅಲ್ಯೂಮಿನಿಯಂ ಸಿಂಕ್ ಹಾಕಿದರೆ ಒಂದು ವಾಟಿಗೆ 65ರ ಬದಲು 26 ಡಿಗ್ರಿಯಷ್ಟೇ ಏರೀತು. ಅದೇ ಮಧ್ಯಾಹ್ನ 89 ಡಿಗ್ರಿಯಲ್ಲಿ ಮುಗಿಯುತ್ತದೆ. ನನ್ನ ಲೆಕ್ಕ ಹೀಗೆ: ಅರ್ಧ ವಾಟಿನ ಒಳಗಾದರೆ ಸಿಂಕ್ ಬೇಡ. ಒಂದು ವಾಟ್ ಬಂತೆಂದರೆ ಹಾಕಲೇಬೇಕು. ನಡುವಿನದ್ದಕ್ಕೂ ಹಾಕಿಬಿಡಿ, ನಮ್ಮ ಶೆಡ್ಡುಗಳು ಬಿಸಿ.

ಆದರೆ ನಾನು ಕೊನೆಗೆ ಮಾಡಿದ್ದು ಬೇರೆ. ರಿಲೇಗಳನ್ನೇ 12 ವೋಲ್ಟಿನವು ಮಾಡಿದೆ. ಅವುಗಳ ಕರೆಂಟು ನೇರ ಬ್ಯಾಟರಿಯಿಂದ, ಟ್ರಾನ್ಸಿಸ್ಟರ್ ಮೂಲಕ. ಈಗ ರೆಗ್ಯುಲೇಟರಿನಲ್ಲಿ ಹೋಗುವುದು 36 ಮಿಲಿಆಂಪಿಯರ್ ಮಾತ್ರ. ಸಿಂಕ್ ಇಲ್ಲದೆಯೂ ಬಿಸಿ ಏರುವುದು 22 ಡಿಗ್ರಿ. ಬಿಸಿಯನ್ನು ಹೊರಹಾಕುವುದಕ್ಕಿಂತ ಹುಟ್ಟಿಸದಿರುವುದು ಅಗ್ಗ.

ಬ್ಯಾಟರಿ ಇಲ್ಲದೆ ಟ್ರಾನ್ಸ್‌ಫಾರ್ಮರ್ ಇಡುವವರು ಒಂದು ಗಮನಿಸಿ. 12 ವೋಲ್ಟಿನದ್ದು ಡಯೋಡು, ಕೆಪಾಸಿಟರ್ ದಾಟಿದಾಗ 15 ದಾಟುತ್ತದೆ, ಲೈನಿನಲ್ಲಿ 250 ಬಂದರೆ 17. 5 ವೋಲ್ಟಿಗೆ 9ರ ಟ್ರಾನ್ಸ್‌ಫಾರ್ಮರ್ ಸಾಕು. ಲೈನು 170ಕ್ಕೆ ಬಿದ್ದರೂ ಅದು 8 ವೋಲ್ಟಿನ ಆಸುಪಾಸು ಕೊಡುತ್ತದೆ, 7805ಕ್ಕೆ ಬೇಕಾದ್ದು 7. ಅದಕ್ಕಿಂತಲೂ ಲೈನು ಬೀಳುವ ಊರಾದರೆ 12ನ್ನೇ ಇಟ್ಟು ಸಿಂಕ್ ಹಾಕಿ, ಬೇರೆ ದಾರಿ ಇಲ್ಲ.

ಸಿಂಕಿನ ರೆಕ್ಕೆಗಳು ಮೇಲೆ-ಕೆಳಗೆ ಬರುವಂತೆ ನಿಲ್ಲಿಸಿ, ಗಾಳಿ ಏರಿ ಹೋಗಲಿ. ಪೆಟ್ಟಿಗೆಯ ಬುಡದಲ್ಲೂ ನೆತ್ತಿಯ ಬದಿಯಲ್ಲೂ ತೂತು ಬೇಕು, ಇರುವೆ ಹಲ್ಲಿ ಬಾರದಂತೆ ಸಣ್ಣ ಬಲೆ ಅಂಟಿಸಿ. 7805ರ ಲೋಹದ ಬೆನ್ನು ನೆಗೆಟಿವ್‌ಗೆ ಸೇರಿದ್ದು. ಆದರೆ ಎಲ್‌ಎಂ 317ರ ಬೆನ್ನು ಔಟ್‌ಪುಟ್‌ಗೆ ಸೇರಿದ್ದು. ಎರಡನ್ನೂ ಒಂದೇ ತಗಡಿಗೆ ಬಿಗಿದರೆ ಶಾರ್ಟ್ ಆಗ್ತದೆ, ಮೈಕಾ ತುಂಡೂ ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ಷೂ ಬೇಕು. ಬಿಸಿ ನೋಡಲು ಬೆರಳು ಇಡುವವರು ಮೊದಲು ಮೈನ್ ಸ್ವಿಚ್ ತೆಗೆಯಿರಿ. ಬೋರ್ಡು 12 ವೋಲ್ಟಿನದ್ದೇ ಆದರೂ ಅದರ ರಿಲೇಯ ಆಚೆ ಬದಿಯಲ್ಲಿ ಸ್ಟಾರ್ಟರಿನ ಕರೆಂಟು ಇದೆ.