ಪಶ್ಚಿಮ ಘಟ್ಟ: ಮಳೆ, ಮಣ್ಣು, ಜೀವಜಾಲ (ಪರೀಕ್ಷೆಗೆ ಮುಖ್ಯಾಂಶಗಳು)

ಸ್ಥೂಲ ಪರಿಚಯ
- ತಪತಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿ.ಮೀ. ಉದ್ದ, ಆರು ರಾಜ್ಯಗಳಲ್ಲಿ ಹರಡಿದೆ.
- ಅತಿ ಎತ್ತರದ ಶಿಖರ ಕೇರಳದ ಆನೆಮುಡಿ (2,695 ಮೀ.). ಕರ್ನಾಟಕದಲ್ಲಿ ಮುಳ್ಳಯ್ಯನಗಿರಿ (ಸುಮಾರು 1,930 ಮೀ.).
- ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 2012ರಲ್ಲಿ. ಒಟ್ಟು 39 ತಾಣಗಳು, ಅವುಗಳಲ್ಲಿ 10 ಕರ್ನಾಟಕದವು.

ಮಳೆ

ಅರಬ್ಬಿ ಸಮುದ್ರದಿಂದ ಬರುವ ನೈಋತ್ಯ ಮಾನ್ಸೂನ್ ಮಾರುತಕ್ಕೆ ಘಟ್ಟ ಅಡ್ಡ ನಿಲ್ಲುತ್ತದೆ. ತೇವ ತುಂಬಿದ ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಹಿಗ್ಗಿ ತಣಿಯುತ್ತದೆ. ನೀರಾವಿ ಹನಿಗಟ್ಟಿ ಸುರಿಯುತ್ತದೆ. ಇದೇ ಆರೋಹ ಮಳೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಕುಗ್ಗಿ ಬಿಸಿಯಾಗುವುದರಿಂದ ಮೋಡ ಕರಗುತ್ತದೆ. ಅದು ಮಳೆಯ ನೆರಳಿನ ಪ್ರದೇಶ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರುವ ಮಳೆ, ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ನೇರವಾಗಿ ಅಳೆದರೆ ಎರಡೂ ಊರುಗಳ ನಡುವೆ 200 ಕಿ.ಮೀ. ಕೂಡ ಇಲ್ಲ.

ಬಹಳ ಮಂದಿ ಎಡವುವ ಜಾಗ ಇದು: "ದಟ್ಟ ಕಾಡಿರುವುದರಿಂದ ಆಗುಂಬೆಯಲ್ಲಿ ಹೆಚ್ಚು ಮಳೆ" ಎಂದು ಬರೆದುಬಿಡುತ್ತಾರೆ. ಮಳೆ ಸುರಿಸುವುದು ಗಾಳಿ ಮತ್ತು ಬೆಟ್ಟ. ಆ ಮಳೆಯಿಂದ ಕಾಡು. ಕಾಡಿನ ಕೆಲಸವೂ ಸಣ್ಣದಲ್ಲ. ಬಿದ್ದ ನೀರನ್ನು ತರಗೆಲೆ, ಬೇರುಗಳ ನಡುವೆ ಇಂಗಿಸಿ ಬೇಸಿಗೆಯಲ್ಲೂ ಹೊಳೆ ಬತ್ತದಂತೆ ನೋಡಿಕೊಳ್ಳುತ್ತದೆ, ಬಾಷ್ಪವಿಸರ್ಜನೆಯಿಂದ ಗಾಳಿಗೆ ತೇವ ಮರಳಿಸುತ್ತದೆ. ಉತ್ತರದಲ್ಲಿ ಮಳೆಯ ಕಾರಣ, ಕಾಡಿನ ಕೆಲಸ ಎರಡನ್ನೂ ಬೆರೆಸದೆ ಬರೆಯಿರಿ.

ನದಿ, ಮಣ್ಣು
- ದಖ್ಖನ್ ಪ್ರಸ್ಥಭೂಮಿ ಪೂರ್ವಕ್ಕೆ ಇಳಿಜಾರು. ಅದಕ್ಕೇ ಕೃಷ್ಣಾ, ತುಂಗಾ, ಭದ್ರಾ, ಕಾವೇರಿಯ ನೀರು ಬಂಗಾಳ ಕೊಲ್ಲಿಯತ್ತ ಹರಿಯುತ್ತದೆ. ಶರಾವತಿ, ಕಾಳಿ, ನೇತ್ರಾವತಿ ಪಶ್ಚಿಮಕ್ಕೆ ಧುಮುಕುತ್ತವೆ. ಶರಾವತಿಯ ಜೋಗ ಜಲಪಾತದ ಎತ್ತರ 253 ಮೀ.
- ಭಾರೀ ಮಳೆ ಮಣ್ಣಿನ ಸಿಲಿಕಾವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂ ಉಳಿಸುತ್ತದೆ: ಜಂಬಿಟ್ಟಿಗೆ ಮಣ್ಣು. ಕರಾವಳಿಯ ಮನೆಗಳ ಕೆಂಪುಕಲ್ಲು ಇದರದ್ದೇ.

ಸಸ್ಯ

ಎತ್ತರದ ಗುಡ್ಡಗಳಲ್ಲಿ ಶೋಲಾ: ನೀರು ಹರಿಯುವ ಮಡಿಲಲ್ಲಿ ಕುಳ್ಳ ಮರಗಳ ಕಾಡು, ಬಯಲಾದ ನೆತ್ತಿಯಲ್ಲಿ ಹುಲ್ಲು. ಕುದುರೆಮುಖದಲ್ಲಿ ಎರಡನ್ನೂ ಒಟ್ಟಿಗೆ ನೋಡಬಹುದು.

ಇದಕ್ಕಿಂತ ಸೋಜಿಗದ್ದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಕೆಸರಿನ ಮೇಲೆ ಮಡಚಿದ ಮೊಣಕಾಲಿನಂಥ ಬೇರುಗಳು ಎಲ್ಲೆಲ್ಲೂ ಎದ್ದು ನಿಂತಿರುತ್ತವೆ. ಸದಾ ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಸಾಲದು. ಬೇರು ಹೊರಗೆ ಬಂದು ಉಸಿರಾಡುತ್ತದೆ. ಸಡಿಲ ನೆಲದಲ್ಲಿ ಮರ ವಾಲದಂತೆ ಕಾಂಡದಿಂದ ಆಸರೆ ಬೇರುಗಳು ಇಳಿಯುತ್ತವೆ. ಹೊಂದಾಣಿಕೆಗೆ ಉದಾಹರಣೆ ಕೇಳಿದರೆ ಮರುಭೂಮಿಯ ಕಳ್ಳಿಯ ಬದಲು ಇದನ್ನೇ ಬರೆಯಿರಿ, ನಮ್ಮ ನೆಲದ್ದು.

ಪ್ರಾಣಿ, ವರ್ತನೆ
- ಕಾಳಿಂಗ ಸರ್ಪ: ಎಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟುವ ಏಕೈಕ ಹಾವು. ಹೆಣ್ಣು ಮಳೆಗಾಲಕ್ಕೆ ಮುಂಚೆಯೇ ಕಟ್ಟುತ್ತದೆ. ಮೊಟ್ಟೆಗಳು ನೆನೆಯದೆ ಬೆಚ್ಚಗಿರುತ್ತವೆ. 2024ರಲ್ಲಿ ಘಟ್ಟದ ಕಾಳಿಂಗಕ್ಕೆ ಪ್ರತ್ಯೇಕ ಪ್ರಭೇದದ ಸ್ಥಾನ: ಓಫಿಯೋಫೇಗಸ್ ಕಾಳಿಂಗ.
- ನೇರಳೆ ಕಪ್ಪೆ: 2003ರಲ್ಲಿ ವಿಜ್ಞಾನಕ್ಕೆ ಪರಿಚಯ. ವರ್ಷದ ಬಹುಪಾಲು ನೆಲದೊಳಗೆ, ಸಂತಾನಕ್ಕಾಗಿ ಮುಂಗಾರಿನ ಆರಂಭದ ಕೆಲವೇ ದಿನ ಹೊರಗೆ. ಹತ್ತಿರದ ಬಂಧುಗಳಿರುವುದು ಸೀಶೆಲ್ಸ್ ದ್ವೀಪಗಳಲ್ಲಿ. ಗೊಂಡ್ವಾನ ಭೂಖಂಡ ಒಡೆದದ್ದಕ್ಕೆ ಜೀವಂತ ಸಾಕ್ಷಿ.
- ಸಿಂಗಳೀಕ: ಮರದಿಂದ ಮರಕ್ಕೆ ಸಾಗಿ ಬದುಕುವ, ಅಳಿವಿನಂಚಿನ ಕೋತಿ. ಕಾಡು ತುಂಡಾದರೆ ಇದರ ವರ್ತನೆಯೇ ಬದಲು. ತಮಿಳುನಾಡಿನ ವಾಲ್ಪಾರೈಯಲ್ಲಿ ನೆಲಕ್ಕಿಳಿದು ರಸ್ತೆ ದಾಟುತ್ತದೆ, ಮನೆಗಳಿಗೆ ನುಗ್ಗಿ ತಿಂಡಿ ಹುಡುಕುತ್ತದೆ. ನೋಡಿದವರಿಗೆ ಸಂಕಟವಾಗುವ ದೃಶ್ಯ.
- ಕೃಷ್ಣಮೃಗ: ಮಳೆಯ ನೆರಳಿನ ರಾಣೆಬೆನ್ನೂರಿನದು. ತೆರೆದ ಬಯಲಿನಲ್ಲಿ ಅಡಗಲು ಮರೆಯಿಲ್ಲ. ಗುಂಪು, ದೂರ ಕಾಣುವ ಕಣ್ಣು, ಓಟವೇ ರಕ್ಷಣೆ.

ಮನುಷ್ಯ

ಮಳೆಗೆ ತಕ್ಕಂತೆ ಮನೆ, ಊಟ ಬದಲು. ಮಲೆನಾಡಿನಲ್ಲಿ ಕಡಿದಾದ ಹೆಂಚಿನ ಮಾಡು, ವಿಜಯಪುರದ ಕಡೆ ಮಣ್ಣಿನ ಸಮತಟ್ಟಾದ ಮಾಳಿಗೆ. ಮಲೆನಾಡಿನಲ್ಲಿ ಅಕ್ಕಿ, ವಿಜಯಪುರದ ಕಡೆ ಜೋಳ.

ಸಮಿತಿಗಳು

ಭಾರೀ ಮಳೆಗೆ ನೀರು ತುಂಬಿದ ಇಳಿಜಾರಿನ ಮಣ್ಣು ಜಾರುತ್ತದೆ, ಇಳಿಜಾರನ್ನು ಕಡಿದಲ್ಲಿ ಇನ್ನೂ ಸುಲಭವಾಗಿ. ಭೂಕುಸಿತಗಳು: ಕೊಡಗು (ಆಗಸ್ಟ್ 2018), ವಯನಾಡು (ಜುಲೈ 30, 2024). ಘಟ್ಟದ ರಕ್ಷಣೆ ಕುರಿತ ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರದ್ದು. ಇಡೀ ಘಟ್ಟವನ್ನು ಪರಿಸರ ಸೂಕ್ಷ್ಮವೆಂದು ಪರಿಗಣಿಸಿ ಮೂರು ವಲಯಗಳಾಗಿ ವಿಂಗಡಿಸಿತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಸೂಕ್ಷ್ಮ ಪ್ರದೇಶವನ್ನು ಘಟ್ಟದ ಸುಮಾರು ಶೇ 37ಕ್ಕೆ ಇಳಿಸಿತು.