ಡಿ ಡ್ರೈವ್ ಕಾಣದಿದ್ದರೆ ಮೊದಲು ಕೈ ಕಟ್ಟಿ ಕುಳಿತುಕೊಳ್ಳಿ

ರಾತ್ರಿ ಮಲಗುವ ಹೊತ್ತಿಗೆ ‘ಅಪ್‌ಡೇಟ್ ಆ್ಯಂಡ್ ಶಟ್ ಡೌನ್’ ಒತ್ತಿ ಎದ್ದಿರಿ. ಬೆಳಿಗ್ಗೆ ನೋಡಿದರೆ ಸಿ ಡ್ರೈವ್ ಮಾತ್ರ ಇದೆ. ಮಕ್ಕಳ ಫೋಟೊ, ತೆರಿಗೆಯ ಕಾಗದಪತ್ರ, ನುಡಿಯಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟ ಬರಹ ಎಲ್ಲ ಇದ್ದ ಡಿ ಡ್ರೈವ್ ನಾಪತ್ತೆ. ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ ಗಳಿಗೆಯಲ್ಲಿ ನಿಮ್ಮ ಕೈ ಮೌಸ್ ಮೇಲೆ ಇರಬಾರದು. ಅಪ್‌ಡೇಟ್ ಕೆಡಿಸಿದ್ದಕ್ಕಿಂತ, ಆಮೇಲಿನ ಅರ್ಧ ಗಂಟೆಯಲ್ಲಿ ಗಾಬರಿಯ ಕೈ ಕೆಡಿಸಿದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ.

ಮೊದಲು ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಮಾಡಿ ಮತ್ತೆ ಹಚ್ಚುವುದಲ್ಲ, ರೀಸ್ಟಾರ್ಟೇ ಆಗಬೇಕು. ಈಗಿನ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗ ಯಂತ್ರ ಪೂರ್ತಿ ಮಲಗುವುದಿಲ್ಲ, ಹಳೆಯ ನೆನಪನ್ನೇ ಎತ್ತಿಕೊಂಡು ಏಳುತ್ತದೆ. ಹೊರಗಿನ ಡಿಸ್ಕ್ ಆದರೆ ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ಡಿಸ್ಕಿನೊಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಕೂಡಲೇ ಕಿತ್ತುಬಿಡಿ. ಅದು ಅಪ್‌ಡೇಟಿನ ತೊಂದರೆಯಲ್ಲ, ಡಿಸ್ಕೇ ಸಾಯುತ್ತಿದೆ.

ಇಷ್ಟಕ್ಕೂ ಕಾಣದಿದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಎಷ್ಟೋ ಸಲ ಡ್ರೈವ್ ಇಲ್ಲೇ ಇರುತ್ತದೆ, ಹೆಸರಿನ ಅಕ್ಷರವೊಂದು ಬಿದ್ದುಹೋಗಿರುತ್ತದೆ. ಗಾತ್ರ ನೋಡಿ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾಥ್ಸ್’ಗೆ ಹೋಗಿ, ಮೊದಲಿದ್ದ ಅಕ್ಷರವನ್ನೇ ಕೊಡಿ. ಬೇರೆ ಅಕ್ಷರ ಕೊಟ್ಟರೆ ನಿಮ್ಮ ಶಾರ್ಟ್‌ಕಟ್‌ಗಳೂ ಕೆಲವು ಪ್ರೋಗ್ರಾಮ್‌ಗಳೂ ದಾರಿ ತಪ್ಪುತ್ತವೆ. ಎಡಗಡೆ ಡಿಸ್ಕಿನ ಹೆಸರಿನ ಕೆಳಗೆ ‘ಆಫ್‌ಲೈನ್’ ಎಂದಿದ್ದರೆ ಅಲ್ಲೇ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಮಾಡಿದರಾಯಿತು. ‘ರಿಕವರಿ’, ‘ಇಎಫ್‌ಐ’ ಎಂದು ಬರೆದಿರುವ ಸಣ್ಣ ಭಾಗಗಳಿಗೆ ಅಕ್ಷರ ಇರುವುದೇ ಇಲ್ಲ, ಅವನ್ನು ಮುಟ್ಟಬೇಡಿ. 2018ರ ಏಪ್ರಿಲ್ ಅಪ್‌ಡೇಟ್ ಆದ ಮೇಲೆ ಕೆಲವರ ಯಂತ್ರದಲ್ಲಿ ಇಂಥ ಭಾಗಕ್ಕೇ ಅಕ್ಷರ ಸಿಕ್ಕಿ, ‘ಜಾಗ ಸಾಲದು’ ಎಂಬ ಎಚ್ಚರಿಕೆ ಬಿಡದೆ ಕಾಡಿತ್ತು.

ಈಗ ಮುಖ್ಯವಾದ ಮಾತು, ಕಿವಿಗೊಟ್ಟು ಕೇಳಿ. ತೆರೆಯುತ್ತಿದ್ದ ಹಾಗೇ ‘ಇನಿಶಿಯಲೈಸ್ ಡಿಸ್ಕ್’ ಎಂಬ ಪೆಟ್ಟಿಗೆ ಬರಬಹುದು. ‘ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು’ ಎಂದೂ ಕೇಳಬಹುದು. ಓದದೆ ಓಕೆ ಒತ್ತುವ ಅಭ್ಯಾಸ ನಿಮಗಿದೆ, ನನಗೆ ಗೊತ್ತು. ಇಲ್ಲಿ ಮಾತ್ರ ‘ಕ್ಯಾನ್ಸಲ್’ ಒತ್ತಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮ್ಮ ಪರಿಚಯದ ಹುಡುಗನೊಬ್ಬ ಹೀಗೇ ‘ಹೂಂ’ ಅಂದು, ಹೊಸ ಫೈಲುಗಳನ್ನೂ ಅದರ ಮೇಲೇ ತುಂಬಿ, ಪ್ರಬಂಧಕ್ಕೆ ಕೂಡಿಸಿಟ್ಟ ಸಂದರ್ಶನಗಳನ್ನೆಲ್ಲ ಕಳೆದುಕೊಂಡ. ‘ರಾ’ ಎಂದಿರಲಿ, ‘ಅನ್‌ಅಲೊಕೇಟೆಡ್’ ಎಂದು ಕಪ್ಪು ಪಟ್ಟಿಯೇ ಇರಲಿ, ಒಳಗಿನ ಫೈಲುಗಳು ಹೆಚ್ಚಾಗಿ ಇದ್ದಲ್ಲೇ ಇರುತ್ತವೆ. ವಿಂಡೋಸ್‌ಗೆ ಓದಲು ಬರುತ್ತಿಲ್ಲ ಅಷ್ಟೆ. ಎಸ್‌ಎಸ್‌ಡಿಯಾದರೆ ಇನ್ನೂ ಎಚ್ಚರ ಬೇಕು. ಫಾರ್ಮ್ಯಾಟ್ ಆದೊಡನೆ ಟ್ರಿಮ್ ಎಂಬ ಆದೇಶ ಹೋಗುತ್ತದೆ, ಆಮೇಲೆ ಯಾವ ರಿಕವರಿ ಅಂಗಡಿಯವರ ಕೈಗೂ ಅದು ಸಿಗುವುದು ಕಷ್ಟ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ.

ಯಾರೋ ಹೇಳಿದರೆಂದು ಚೆಕ್‌ಡಿಸ್ಕ್ ಓಡಿಸುವುದೂ ಬೇಡ. 2020ರಲ್ಲಿ ವಿಂಡೋಸ್ 10ರ 2004ನೇ ಆವೃತ್ತಿ ಬಂದಾಗ, ಹಲವು ಡಿಸ್ಕ್ ಒಟ್ಟುಗೂಡಿಸುವ ಸ್ಟೋರೇಜ್ ಸ್ಪೇಸಸ್ ಬಳಸುವವರಲ್ಲಿ ಕೆಲವರಿಗೆ ಡ್ರೈವ್ ‘ರಾ’ ಎಂದು ಕಾಣಿಸಿತು. ಚೆಕ್‌ಡಿಸ್ಕ್ ಮಾಡಬೇಡಿ ಎಂದು ಮೈಕ್ರೋಸಾಫ್ಟೇ ಆಗ ಹೇಳಿತ್ತು.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಕಾಣದಿದ್ದರೆ ಬಯಾಸ್‌ನಲ್ಲಿ ಇದೆಯೇ ನೋಡಿ. ಅಲ್ಲಿ ಇದ್ದರೆ ಡ್ರೈವರ್ ಕೆಟ್ಟಿರಬಹುದು. ಲ್ಯಾಪ್‌ಟಾಪ್ ತಯಾರಿಸಿದವರ ತಾಣದಿಂದಲೇ ತಂದು ಹಾಕಿ, ಕಂಡ ಕಂಡ ಕಡೆಯಿಂದ ಬೇಡ. ಅಲ್ಲೂ ಇಲ್ಲದಿದ್ದರೆ ಒಳಗಿನ ಕೇಬಲ್ ಸಡಿಲವಾಗಿರಬಹುದು, ಬಲ್ಲವರಿಂದ ತೆಗೆಸಿ ನೋಡಿ. ಬಯಾಸ್‌ಗೆ ಹೋದಿರೆಂದು ರೇಡ್, ಎಎಚ್‌ಸಿಐ ಎಂಬವನ್ನು ಅದಲುಬದಲು ಮಾಡಲು ಹೋಗಬೇಡಿ, ವಿಂಡೋಸ್ ಏಳುವುದೇ ನಿಂತೀತು.

ದೊಡ್ಡ ಅಪ್‌ಡೇಟ್ ಆದ ಮೇಲೆ ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶ ಇರುತ್ತದೆ, ಸೆಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಇದೆ. ಅಲ್ಲಿಯವರೆಗೆ ಜಾಗ ಉಳಿಸುವ ಆಸೆಗೆ ‘ವಿಂಡೋಸ್ ಓಲ್ಡ್’ ಕಡತಕೋಶವನ್ನು ಅಳಿಸಿದರೆ ಆ ಬಾಗಿಲೂ ಮುಚ್ಚಿತು.

ಇನ್ನು ಡ್ರೈವಿಗೆ ಬೀಗದ ಗುರುತಿದ್ದರೆ ಅದು ಬಿಟ್‌ಲಾಕರ್. 2024ರ ಜುಲೈ ಅಪ್‌ಡೇಟ್ ಆದಾಗ ಕೆಲವು ಯಂತ್ರಗಳು ಏಳುವ ಮುಂಚೆಯೇ ಅದರ ಕೀ ಕೇಳಿದವು. ಅದು 48 ಅಂಕಿಗಳದು, ಬಾಯಿಪಾಠಕ್ಕೆ ಬರುವಂಥದ್ದಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯೇ ಎಂದು ಇವತ್ತೇ ನೋಡಿ, ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ. ಅದೇ ಕಂಪ್ಯೂಟರಿನಲ್ಲಿ ಇಟ್ಟರೆ ಬೀಗದೊಳಗೇ ಕೀ ಇಟ್ಟಂತಾಯಿತು.

ಬ್ಯಾಕಪ್ ವಿಷಯ ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಹೇಳುತ್ತೇನೆ. ಡಿ ಡ್ರೈವಿನಲ್ಲಿ ಒಂದು ಪ್ರತಿ ಇದೆ ಎಂದರೆ ಅದು ಬ್ಯಾಕಪ್ ಅಲ್ಲ. ಸಿ ಮತ್ತು ಡಿ ಎಷ್ಟೋ ಸಲ ಒಂದೇ ಡಿಸ್ಕಿನ ಎರಡು ಕೋಣೆಗಳು. 2018ರ ಅಕ್ಟೋಬರ್ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೈಲುಗಳನ್ನೇ ಅಳಿಸಿತು, ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು? ಹೊರಗಿನ ಡಿಸ್ಕಿಗೊಂದು ಪ್ರತಿ ಹಾಕಿ, ಅಪ್‌ಡೇಟ್ ಒತ್ತುವ ಮುಂಚೆ ಅದನ್ನು ಕಿತ್ತಿಡಿ. ಹಾಗೇ ಎಲ್ಲ ಸರಿಯಿರುವ ಈ ಹೊತ್ತಿನಲ್ಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಯಾವ ಅಕ್ಷರಕ್ಕೆ ಎಷ್ಟು ಗಾತ್ರ ಎಂಬುದು ಕಾಣುವ ಹಾಗೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.